ನನಗಿರುವುದು ಮದ್ಯವ್ಯಸನವೆಂದು ನಿರ್ಧಾರವಾದ ಬಗೆ

ಸಕಲೇಶಪುರ ತಾಲ್ಲೂಕಿನ ಒಂದು ಕಾಫಿ ತೋಟದಲ್ಲಿ ನಾನು ಹತ್ತೊಂಬತ್ತು ವರ್ಷಗಳಿಂದ ರೈಟರ್ ಆಗಿದ್ದೇನೆ. ಆಳುಗಳ ಹಾಜರಿ ಹಾಕುವುದು, ವಾರದ ಬಟವಾಡೆಯ ಲೆಕ್ಕ ಬರೆಯುವುದು ನನ್ನ ಕೆಲಸ. ಹಾಗಾಗಿ ನನ್ನ ಕೈ ನಡುಗತೊಡಗಿದ್ದು ಮೊದಲು ಕಾಣಿಸಿದ್ದು ಚೆಕ್‌ರೋಲ್ ಎಂಬ ಹಾಜರಿ ಪುಸ್ತಕದಲ್ಲಿ. ಬೆಳಗ್ಗೆ ಏಳೂವರೆಗೆ ಹಾಕಿದ ಗುರುತುಗಳು ಗೀಚಿದಂತಿರುತ್ತಿದ್ದವು. ಹನ್ನೊಂದರ ನಂತರ ಬರೆದ ಅಂಕಿಗಳು ಎಂದಿನಂತೆ ದುಂಡಗಿರುತ್ತಿದ್ದವು. ನಡುವೆ ಪಂಪ್‌ಹೌಸಿನ ಹಿಂದೆ ನಿಂತು ತೊಂಬತ್ತು ಎಂ.ಎಲ್.ನ ಒಂದು ಪ್ಯಾಕೆಟ್ಟನ್ನು ನಾನು ಕುಡಿದಿರುತ್ತಿದ್ದೆ. ಇದು ನನಗೆ ತಿಳಿದಿತ್ತು. ಆದರೆ ನನ್ನನ್ನು ನೋಡಿದ ಯಾವ ವೈದ್ಯರಿಗೂ ತಿಳಿದಿರಲಿಲ್ಲ, ಏಕೆಂದರೆ ನಾನು ಹೇಳಿರಲಿಲ್ಲ. ಈ ಒಂದು ಮಾತನ್ನು ಮುಚ್ಚಿಟ್ಟಿದ್ದರಿಂದ ಮೂರು ವರ್ಷ ಹೇಗೆ ಹೋಯಿತು, ಕೊನೆಗೆ ರೋಗದ ಹೆಸರು ಹೇಗೆ ನಿರ್ಧಾರವಾಯಿತು ಎಂಬುದನ್ನು, ಇದೇ ದಾರಿಯಲ್ಲಿರುವವರಿಗೂ ಅವರ ಮನೆಯವರಿಗೂ ಉಪಯೋಗವಾಗಲೆಂದು ಕ್ರಮವಾಗಿ ಬರೆಯುತ್ತಿದ್ದೇನೆ.

ಮೊದಲ ಸಲ ಕೈನಡುಕವನ್ನು ತೋರಿಸಿದ್ದು ಪೇಟೆಯ ಒಂದು ಖಾಸಗಿ ಕ್ಲಿನಿಕ್ಕಿನಲ್ಲಿ. ನರದೌರ್ಬಲ್ಯವೆಂದು ಹೇಳಿ ವಿಟಮಿನ್ ಇಂಜೆಕ್ಷನ್ನುಗಳನ್ನು ಬರೆದುಕೊಟ್ಟರು. ಬೆಳಗಿನ ವಾಕರಿಕೆಗೆ ಗ್ಯಾಸ್ಟ್ರಿಕ್ ಮಾತ್ರೆ ಸೇರಿಕೊಂಡಿತು; ಆಮೇಲೆ ನಿದ್ರೆ ಬಾರದ್ದಕ್ಕೆ ಇನ್ನೊಂದು. "ಕುಡಿಯುತ್ತೀರಾ?" ಎಂದು ಇಬ್ಬರು ಕೇಳಿದ್ದರು. "ಮಳೆಗಾಲದಲ್ಲಿ ಚಳಿಗೆ ಸ್ವಲ್ಪ" ಎಂದು ಇಬ್ಬರಿಗೂ ಉತ್ತರಿಸಿದ್ದೆ. ಮಲೆನಾಡಿನಲ್ಲಿ ಈ ಉತ್ತರವನ್ನು ಯಾರೂ ಮುಂದೆ ಕೆದಕುವುದಿಲ್ಲ. ಅದೇ ಸಮಯದಲ್ಲಿ ವಿಮೆಯೊಂದಕ್ಕಾಗಿ ಮಾಡಿಸಿದ ರಕ್ತಪರೀಕ್ಷೆಯಲ್ಲಿ ಯಕೃತ್ತಿನ ವರದಿ ಸರಿಯಾಗಿ ಬಂದುಬಿಟ್ಟಿತು. ಆ ಕಾಗದವನ್ನು ನಾನು ಜೋಪಾನವಾಗಿ ಇಟ್ಟುಕೊಂಡು, ಹೆಂಡತಿ ಮಾತೆತ್ತಿದಾಗಲೆಲ್ಲ ಅವಳ ಮುಂದೆ ಹಿಡಿಯುತ್ತಿದ್ದೆ. ನನ್ನ ಬಳಿ ಇದ್ದ ಇನ್ನೊಂದು ಪುರಾವೆ ಶ್ರಾವಣ. ಪ್ರತಿ ವರ್ಷ ಶ್ರಾವಣ ಮಾಸದಲ್ಲಿ ಮಾಂಸವನ್ನೂ ಮದ್ಯವನ್ನೂ ಬಿಡುವುದು ನಮ್ಮ ಮನೆಯ ಪದ್ಧತಿ. ಒಂದು ತಿಂಗಳು ಬಿಡಬಲ್ಲವನು ವ್ಯಸನಿಯಾಗುವುದು ಹೇಗೆ ಎಂದು ನಾನು ಮನಃಪೂರ್ವಕವಾಗಿ ನಂಬಿದ್ದೆ.

ಈ ವರ್ಷ ಭೀಮನ ಅಮಾವಾಸ್ಯೆಯ ದಿನ ಹೆಂಡತಿ ಪದ್ಧತಿಯಂತೆ ನನ್ನ ಪಾದಪೂಜೆ ಮಾಡಿದಳು. ಅಂದು ರಾತ್ರಿ ಒಂಬತ್ತೂವರೆಗೆ ನಾನು ಕುಡಿದದ್ದೇ ಕೊನೆ. ಮರುದಿನ ಶ್ರಾವಣದ ಮೊದಲ ದಿನ. ಬೆಳಗ್ಗೆಯೇ ಬೆವರು, ಎದೆ ಡವಡವ, ಕಾಫಿ ಲೋಟವನ್ನು ಎರಡು ಕೈಯಲ್ಲಿ ಹಿಡಿದರೂ ತುಳುಕುತ್ತಿತ್ತು. ಆ ರಾತ್ರಿ ಒಂದು ಗಳಿಗೆಯೂ ಕಣ್ಣು ಮುಚ್ಚಲಿಲ್ಲ. ಎರಡನೆಯ ದಿನ ನೀರು ಕುಡಿದರೂ ವಾಂತಿಯಾಯಿತು. ಎರಡನೆಯ ರಾತ್ರಿ ಕಂಬಳಿಯ ಮೇಲೆ ಕೆಂಜಿರುವೆಗಳು ಸಾಲುಗಟ್ಟಿ ಹರಿಯುವುದನ್ನು ನಾನು ಕಣ್ಣಾರೆ ಕಂಡೆ. ಹೆಂಡತಿ ದೀಪ ಹಾಕಿ, ಕಂಬಳಿಯನ್ನು ಕೊಡವಿ, "ಏನೂ ಇಲ್ಲ ರೀ, ನೋಡಿ" ಎಂದಳು. ಅವಳ ದನಿಯಲ್ಲಿದ್ದ ಭಯ ನೋಡಿಯೇ ನನಗೆ ಭಯವಾಯಿತು.

ಬೆಳಗಾಗುವ ಹೊತ್ತಿಗೆ ಅಕ್ಕ, ಭಾವ ಬಂದರು. ಶ್ರೀ ಕ್ಷೇತ್ರ ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಯವರು ನಡೆಸುವ ಮದ್ಯವರ್ಜನ ಶಿಬಿರಕ್ಕೆ ಸೇರಿಸುವ ಯೋಚನೆ ಭಾವನದ್ದು. ಅವರ ಊರಿನಲ್ಲಿ ಶಿಬಿರದಿಂದ ಸುಧಾರಿಸಿದವರನ್ನು ಅವರು ಕಂಡಿದ್ದರು. ಆದರೆ ನನ್ನ ಸ್ಥಿತಿ ನೋಡಿ ತೋಟದ ಜೀಪಿನಲ್ಲಿ ನೇರವಾಗಿ ತಾಲ್ಲೂಕು ಆಸ್ಪತ್ರೆಗೆ ಕರೆದೊಯ್ದರು. ಅದು ಸರಿಯಾದ ನಿರ್ಧಾರವೆಂದು ಅನಂತರ ತಿಳಿಯಿತು. ಬಹುಕಾಲ ದಿನವೂ ಕುಡಿದವರು ಒಮ್ಮೆಗೇ ನಿಲ್ಲಿಸಿದರೆ ಮೊದಲ ಎರಡು ದಿನಗಳಲ್ಲಿ ಫಿಟ್ಸ್ ಬರಬಹುದು. ಸಾಮಾನ್ಯವಾಗಿ ಎರಡರಿಂದ ನಾಲ್ಕನೆಯ ದಿನದ ನಡುವೆ ದಿಕ್ಕು, ಹೊತ್ತು, ಜನರ ಗುರುತು ತಪ್ಪುವ ಸನ್ನಿ ಹಿಡಿಯಬಹುದು, ಅದು ಪ್ರಾಣಕ್ಕೂ ಕುತ್ತಾಗಬಹುದು. ಬಿಟ್ಟಾಗ ನಡುಕ, ವಾಂತಿ, ಇಲ್ಲದ್ದು ಕಾಣುವುದು ಇವುಗಳಲ್ಲಿ ಯಾವುದಾದರೂ ಇದ್ದರೆ ದಯವಿಟ್ಟು ಮೊದಲು ಆಸ್ಪತ್ರೆಗೆ ಹೋಗಿ; ಶಿಬಿರವೋ ಪ್ರಾರ್ಥನೆಯೋ ಅನಂತರದ್ದು. ತಾಲ್ಲೂಕು ಆಸ್ಪತ್ರೆಯ ವೈದ್ಯೆ ಮೊದಲು ಥಯಾಮಿನ್ ಇಂಜೆಕ್ಷನ್ ಕೊಟ್ಟು, ಅದಾದ ಮೇಲೆಯೇ ಗ್ಲೂಕೋಸ್ ಏರಿಸಿದರು. ಈ ಕ್ರಮಕ್ಕೆ ಕಾರಣವಿದೆ: ಕುಡಿಯುವವರ ದೇಹದಲ್ಲಿ ಈ ವಿಟಮಿನ್ ಬತ್ತಿರುತ್ತದೆ, ಅದನ್ನು ಕೊಡದೆ ಗ್ಲೂಕೋಸ್ ಮಾತ್ರ ಕೊಟ್ಟರೆ ಮಿದುಳಿಗೆ ಹಾನಿಯಾಗುವ ಅಪಾಯವಿರುತ್ತದೆ. ಅವರು ಹಾಸನಕ್ಕೆ ಬರೆದುಕೊಟ್ಟ ಚೀಟಿ, ನನ್ನ ಆಧಾರ್, ಬಿಪಿಎಲ್ ಪಡಿತರ ಚೀಟಿ, ಹಳೆಯ ಔಷಧ ಚೀಟಿಗಳು ಇಷ್ಟನ್ನು ಒಂದು ಪ್ಲಾಸ್ಟಿಕ್ ಕವರಿಗೆ ಹಾಕಿಕೊಂಡು ಆಂಬುಲೆನ್ಸಿನಲ್ಲಿ ಹೊರಟೆವು. ಹಳೆಯ ಔಷಧ ಚೀಟಿಗಳನ್ನು ಯಾರೂ ಬಿಟ್ಟು ಹೋಗಬೇಡಿ. ನಿದ್ರೆ ಮಾತ್ರೆಯನ್ನು ಎಷ್ಟು ದಿನ ನುಂಗಿದ್ದೇನೆಂಬುದು ಅವುಗಳಿಂದಲೇ ಅವರಿಗೆ ಗೊತ್ತಾದದ್ದು.

ಹಾಸನದ ದೊಡ್ಡಾಸ್ಪತ್ರೆಯಲ್ಲಿ ದಾಖಲಾದ ಮೊದಲ ಮೂರು ದಿನ ಯಾರೂ ನನಗೆ ರೋಗದ ಹೆಸರು ಹೇಳಲಿಲ್ಲ, ಹೆಚ್ಚು ಪ್ರಶ್ನೆಗಳನ್ನೂ ಕೇಳಲಿಲ್ಲ. ಇದರಿಂದ ಮನೆಯವರಿಗೆ ಕಳವಳವಾಗಿತ್ತು. ಆದರೆ ಆ ದಿನಗಳಲ್ಲಿ ನಡೆಯುತ್ತಿದ್ದದ್ದು ಬೇರೊಂದು ಅಳತೆ. ಕೆಲವು ಗಂಟೆಗಳಿಗೊಮ್ಮೆ ನರ್ಸ್ ಬಂದು, "ಅಣ್ಣ, ಕೈ ಮುಂದೆ ಚಾಚಿ, ಬೆರಳು ಅಗಲಿಸಿ" ಎನ್ನುತ್ತಿದ್ದರು. ನಡುಕವನ್ನೂ ಬೆವರನ್ನೂ ನೋಡುತ್ತಿದ್ದರು. ವಾಕರಿಕೆ ಇದೆಯೇ, ತಲೆನೋವಿದೆಯೇ, ಮೈಮೇಲೆ ಹುಳ ಹರಿದಂತಾಗುತ್ತದೆಯೇ, ಶಬ್ದವಾಗಲಿ ಬೆಳಕಾಗಲಿ ಹಿಂಸೆಯಾಗುತ್ತದೆಯೇ, ಇವತ್ತು ಯಾವ ದಿನ ಎಂದು ಕೇಳಿ ಒಂದು ಹಾಳೆಯಲ್ಲಿ ಅಂಕ ಬರೆದುಕೊಳ್ಳುತ್ತಿದ್ದರು. ಅದು ಹತ್ತು ಅಂಶಗಳ ಮಾಪನ, ಒಟ್ಟು 67 ಅಂಕ. ದಾಖಲಾದಾಗ ನನಗೆ 18 ಇತ್ತು, ನಾಲ್ಕನೆಯ ದಿನ 4ಕ್ಕೆ ಇಳಿಯಿತು. ಈ ಅಂಕ ಏರಿದಂತೆ, ಬಿಟ್ಟಾಗಿನ ತೊಂದರೆಯನ್ನು ತಗ್ಗಿಸುವ ಲೊರಾಜೆಪಾಮ್ ಮಾತ್ರೆಯ ಪ್ರಮಾಣ ಏರುತ್ತಿತ್ತು, ಇಳಿದಂತೆ ಇಳಿಯುತ್ತಿತ್ತು. ಆ ಹಾಳೆ ಹೇಳುವುದು ಬಿಟ್ಟಾಗಿನ ತೊಂದರೆ ಈ ಗಳಿಗೆಯಲ್ಲಿ ಎಷ್ಟು ತೀವ್ರವಾಗಿದೆ ಎಂಬುದನ್ನು ಮಾತ್ರ. ಕುಡಿತದೊಂದಿಗೆ ನನ್ನ ಸಂಬಂಧ ಎಂಥದು ಎಂದು ತಿಳಿಯುವುದಕ್ಕೆ ತಲೆ ತಿಳಿಯಾಗುವವರೆಗೆ ಕಾಯಬೇಕಿತ್ತು.

ನಾಲ್ಕನೆಯ ದಿನ ಮನೋವೈದ್ಯಕೀಯ ವಿಭಾಗಕ್ಕೆ ಕರೆದರು. ಹೊರಗಿನ ಬೆಂಚಿನಲ್ಲಿ ಎರಡು ಗಂಟೆ ಕಾದೆವು. ನಮ್ಮ ಕಡೆಯವರು ಯಾರಾದರೂ ನೋಡಿಬಿಡುತ್ತಾರೋ ಎಂಬ ಆತಂಕದಲ್ಲಿ ನಾನು ತಲೆ ತಗ್ಗಿಸಿಯೇ ಕುಳಿತಿದ್ದೆ. ಮೊದಲು ಮಾತನಾಡಿಸಿದವರು ಒಬ್ಬ ಮನೋಸಾಮಾಜಿಕ ಕಾರ್ಯಕರ್ತೆ. ಅವರ ಕೈಯಲ್ಲಿದ್ದದ್ದು ವಿಶ್ವ ಆರೋಗ್ಯ ಸಂಸ್ಥೆ ರೂಪಿಸಿದ, 'ಆಡಿಟ್' ಎಂದು ಕರೆಯುವ ಹತ್ತು ಪ್ರಶ್ನೆಗಳ ಪಟ್ಟಿ. ಪ್ರತಿ ಪ್ರಶ್ನೆಗೆ ಸೊನ್ನೆಯಿಂದ ನಾಲ್ಕು ಅಂಕ. ಎಷ್ಟು ಸಲ ಕುಡಿಯುತ್ತೀರಿ ಎಂಬುದಕ್ಕೆ ಉತ್ತರ ಸುಲಭ. ಎಷ್ಟು ಕುಡಿಯುತ್ತೀರಿ ಎಂಬಲ್ಲಿ ನಾನು ಹಳೆಯ ಅಭ್ಯಾಸದಂತೆ "ಒಂದು ಕ್ವಾರ್ಟರ್" ಎಂದೆ. ಅವರು ಕೋಪಿಸಿಕೊಳ್ಳಲಿಲ್ಲ, ಉಪದೇಶ ಮಾಡಲಿಲ್ಲ. ಕಾಗದದ ಮೇಲೆ ಲೆಕ್ಕ ಹಾಕಿ ತೋರಿಸಿದರು. 42.8 ಶೇಕಡಾ ಮದ್ಯಸಾರವಿರುವ ವಿಸ್ಕಿ ಅಥವಾ ಬ್ರಾಂದಿಯ 30 ಎಂ.ಎಲ್.ನಲ್ಲಿ ಸುಮಾರು 10 ಗ್ರಾಂ ಶುದ್ಧ ಮದ್ಯಸಾರವಿರುತ್ತದೆ. ಅದು ಒಂದು ಅಳತೆ. ಹಾಗಾದರೆ 180 ಎಂ.ಎಲ್.ನ ಕ್ವಾರ್ಟರ್ ಎಂದರೆ ಆರು ಅಳತೆ. 650 ಎಂ.ಎಲ್.ನ ಸ್ಟ್ರಾಂಗ್ ಬಿಯರ್ ಬಾಟಲಿಯೊಂದು ಸುಮಾರು ನಾಲ್ಕು ಅಳತೆ. ಬಿಯರ್ ಕುಡಿಯುವವರು ಇದನ್ನು ಗಮನಿಸಬೇಕು. "ಬೆಳಗಿನದ್ದು ಸೇರಿಸಿ ಹೇಳಿ" ಎಂದರು. ಬೆಳಗಿನದ್ದೊಂದು ಇದೆ ಎಂದು ನಾನು ಹೇಳಿರಲೇ ಇಲ್ಲ. ಅವರು ನನ್ನ ಮುಖ ನೋಡುತ್ತ ಸುಮ್ಮನೆ ಕಾದರು. ಮೂರು ವರ್ಷದಲ್ಲಿ ಮೊದಲ ಬಾರಿಗೆ ಅಂದು ನಾನು ಪಂಪ್‌ಹೌಸಿನ ವಿಷಯವನ್ನು ಬಾಯಿಬಿಟ್ಟು ಹೇಳಿದೆ. ಹೇಳುವಾಗ ಅತ್ತೆ. ಒಂಬತ್ತು ಅಳತೆ ಎಂದು ಅವರು ಬರೆದುಕೊಂಡರು.

ಉಳಿದ ಪ್ರಶ್ನೆಗಳು ಪ್ರಮಾಣದ ಬಗ್ಗೆ ಅಲ್ಲ. ಶುರು ಮಾಡಿದ ಮೇಲೆ ನಿಲ್ಲಿಸಲಾಗದೆ ಹೋದದ್ದುಂಟೇ? ಮಾಡಲೇಬೇಕಾದ ಕೆಲಸ ತಪ್ಪಿದ್ದುಂಟೇ? ಹಿಂದಿನ ರಾತ್ರಿಯದು ಮರುದಿನ ನೆನಪಾಗದಿದ್ದದ್ದುಂಟೇ? ನಿಮ್ಮಿಂದ ನಿಮಗಾಗಲಿ ಇನ್ನೊಬ್ಬರಿಗಾಗಲಿ ಪೆಟ್ಟಾಗಿದೆಯೇ? ಕಡಿಮೆ ಮಾಡಿ ಎಂದು ಯಾರಾದರೂ ಹೇಳಿದ್ದಾರೆಯೇ? ನನ್ನ ಒಟ್ಟು 27 ಆಯಿತು. 8 ಅಥವಾ ಹೆಚ್ಚಾದರೆ ಕುಡಿತ ಅಪಾಯದ ಕಡೆಗಿದೆಯೆಂದೂ, 20 ಅಥವಾ ಹೆಚ್ಚಾದರೆ ಅವಲಂಬನೆಯ, ಅಂದರೆ ವ್ಯಸನದ, ಶಂಕೆಯಿಂದ ಪೂರ್ಣ ತಪಾಸಣೆ ಬೇಕೆಂದೂ ಅವರು ವಿವರಿಸಿದರು. ಈ ಅಂಕವನ್ನೇ ರೋಗನಿರ್ಣಯವೆಂದು ತಿಳಿಯಬಾರದು ಎಂದು ಎರಡು ಸಲ ಹೇಳಿದರು. ಅದು ಜರಡಿ, ತೀರ್ಮಾನ ವೈದ್ಯರ ಸಂದರ್ಶನದಲ್ಲಿ ಆಗುತ್ತದೆ.

ಆ ಸಂದರ್ಶನಕ್ಕೆ ಮುಂಚೆ ಹೆಂಡತಿಯನ್ನು ಪ್ರತ್ಯೇಕವಾಗಿ ಮಾತನಾಡಿಸಲು ನನ್ನ ಒಪ್ಪಿಗೆ ಕೇಳಿದರು. ಒಪ್ಪಲು ನನಗೆ ಕಷ್ಟವಾಯಿತು, ಆದರೂ ಒಪ್ಪಿದೆ. ಅವಳು ಹೇಳಿದ್ದನ್ನು ಆಮೇಲೆ ವೈದ್ಯರು ನಮ್ಮಿಬ್ಬರ ಮುಂದೆಯೇ ಓದಿದರು. ಕಳೆದ ಎರಡು ಶ್ರಾವಣಗಳಲ್ಲಿ ನಾನು ಬಿಟ್ಟಿರಲಿಲ್ಲ. ಮನೆಯಲ್ಲಿ ಕುಡಿಯುವುದನ್ನು ಮಾತ್ರ ಬಿಟ್ಟಿದ್ದೆ, ಮತ್ತು ಅದು ಅವಳಿಗೆ ಮೊದಲಿನಿಂದಲೂ ಗೊತ್ತಿತ್ತು. ಮಗಳ ಪಿಯುಸಿ ಶುಲ್ಕದ ಹಣ ಎಲ್ಲಿ ಹೋಯಿತೆಂಬುದೂ ಗೊತ್ತಿತ್ತು. ಊರಿನ ಸುಗ್ಗಿ ಹಬ್ಬದ ಕುಣಿತಕ್ಕೆ ನಾನು ಎರಡು ವರ್ಷದಿಂದ ಹೋಗದಿರುವುದಕ್ಕೆ ಮಂಡಿನೋವು ಕಾರಣವಲ್ಲವೆಂಬುದೂ ಗೊತ್ತಿತ್ತು. ಇದನ್ನು ಓದುತ್ತಿರುವ ಮನೆಯವರಿಗೆ ನನ್ನದೊಂದು ಕೋರಿಕೆ: ಜೊತೆಗೆ ಹೋಗುವವರು ದಿನವೂ ಒಂದೇ ಸೂರಿನಡಿ ಇರುವವರಾಗಿರಲಿ. ಭಾವನಿಗೆ ನನ್ನ ಮೇಲೆ ಪ್ರೀತಿಯಿದೆ, ಆದರೆ ಈ ಯಾವುದೂ ಅವರಿಗೆ ತಿಳಿದಿರಲಿಲ್ಲ.

ವೈದ್ಯರ ಸಂದರ್ಶನ ಮುಕ್ಕಾಲು ಗಂಟೆ ನಡೆಯಿತು. ಅವರು ಮುಂದಿಟ್ಟುಕೊಂಡದ್ದು ವಿಶ್ವ ಆರೋಗ್ಯ ಸಂಸ್ಥೆಯ ರೋಗವರ್ಗೀಕರಣದ ಹತ್ತನೆಯ ಆವೃತ್ತಿಯ ಆರು ಲಕ್ಷಣಗಳು: ಕುಡಿಯಲೇಬೇಕೆಂಬ ಬಲವಾದ ತುಡಿತ; ಶುರು, ಪ್ರಮಾಣ, ನಿಲುಗಡೆ ಇವುಗಳ ಮೇಲೆ ಹಿಡಿತ ತಪ್ಪುವುದು; ಬಿಟ್ಟಾಗ ದೇಹಕ್ಕೆ ತೊಂದರೆ; ಅದೇ ಅಮಲಿಗೆ ಮೊದಲಿಗಿಂತ ಹೆಚ್ಚು ಬೇಕಾಗುವುದು; ಬೇರೆ ಸಂತೋಷಗಳು ಬದಿಗೆ ಸರಿಯುವುದು; ಹಾನಿ ಕಣ್ಣಿಗೆ ಕಂಡರೂ ಮುಂದುವರಿಸುವುದು. ಕಳೆದ ಒಂದು ವರ್ಷದಲ್ಲಿ ಇವುಗಳಲ್ಲಿ ಮೂರು ಒಟ್ಟಿಗೆ ಇದ್ದರೆ ಅವಲಂಬನೆಯೆಂದು ನಿರ್ಧರಿಸುತ್ತಾರೆ. ನನ್ನಲ್ಲಿ ಆರೂ ಇದ್ದವು. 2013ರಲ್ಲಿ ಅಮೆರಿಕದ ಮನೋವೈದ್ಯರ ಸಂಘ ಹೊರತಂದ ಇನ್ನೊಂದು ಕೈಪಿಡಿಯಲ್ಲಿ ಹನ್ನೊಂದು ಲಕ್ಷಣಗಳಿವೆಯೆಂದೂ ಹೇಳಿದರು. ಅದರ ಪ್ರಕಾರ ಒಂದು ವರ್ಷದ ಅವಧಿಯಲ್ಲಿ ಎರಡು ಮೂರು ಇದ್ದರೆ ಸೌಮ್ಯ, ನಾಲ್ಕೈದು ಇದ್ದರೆ ಮಧ್ಯಮ, ಆರು ಅಥವಾ ಹೆಚ್ಚಿದ್ದರೆ ತೀವ್ರ. ಹಾಗೆ ಎಣಿಸಿದರೂ ನನ್ನದು ತೀವ್ರವೇ. ಈ ಎರಡನೆಯ ಎಣಿಕೆ ನನ್ನನ್ನು ಬಹಳ ಯೋಚಿಸುವಂತೆ ಮಾಡಿತು. ಐದು ವರ್ಷಗಳ ಹಿಂದೆ, ಬೆಳಗಿನ ಪ್ಯಾಕೆಟ್ಟು ಶುರುವಾಗುವ ಮೊದಲು, ನನ್ನಲ್ಲಿ ಎರಡೋ ಮೂರೋ ಲಕ್ಷಣಗಳಿದ್ದಿರಬೇಕು. ಅಂದೇ ಹೋಗಿದ್ದರೆ ಅದಕ್ಕೂ ಒಂದು ಹೆಸರಿತ್ತು, ಒಂದು ಚಿಕಿತ್ಸೆಯಿತ್ತು.

ಎರಡೂ ಪಟ್ಟಿಗಳಲ್ಲಿ "ಇಷ್ಟು ಕುಡಿದರೆ ರೋಗ" ಎಂಬ ಪ್ರಮಾಣ ಎಲ್ಲಿಯೂ ಇಲ್ಲ. ನಾನು ಅದನ್ನೇ ಕೇಳಿದ್ದೆ: ನನ್ನಷ್ಟೇ ಕುಡಿಯುವ ಮೇಸ್ತ್ರಿಯೊಬ್ಬರು ಚೆನ್ನಾಗಿಯೇ ಇದ್ದಾರಲ್ಲ? ಪ್ರಮಾಣ ದೇಹಕ್ಕೆ ಮಾಡುವ ಹಾನಿ ಬೇರೆ ಲೆಕ್ಕ, ಅವಲಂಬನೆ ಬೇರೆ ಲೆಕ್ಕ ಎಂದು ವೈದ್ಯರು ಉತ್ತರಿಸಿದರು. ಶ್ರಾವಣದ ಮಾತನ್ನೂ ಎತ್ತಿದೆ. "ಹಿಂದೆ ನೀವು ನಿಜವಾಗಿ ಬಿಟ್ಟ ವರ್ಷಗಳಲ್ಲಿ, ಬಿಟ್ಟಾಗ ದೇಹಕ್ಕೆ ಏನಾಗುತ್ತಿತ್ತು, ಮುಗಿದ ಮೇಲೆ ಮತ್ತೆ ಹಳೆಯ ಮಟ್ಟಕ್ಕೆ ಎಷ್ಟು ದಿನದಲ್ಲಿ ತಲುಪುತ್ತಿದ್ದಿರಿ?" ಎಂದು ಕೇಳಿದರು. ಆಷಾಢದ ಕೊನೆಯ ವಾರ ದುಪ್ಪಟ್ಟು ಕುಡಿಯುತ್ತಿದ್ದದ್ದು, ಗಣೇಶನ ಹಬ್ಬ ಕಳೆದ ಎರಡೇ ದಿನದಲ್ಲಿ ಮತ್ತೆ ಕ್ವಾರ್ಟರಿಗೆ ಬರುತ್ತಿದ್ದದ್ದು ನೆನಪಾಯಿತು. ವ್ರತಕ್ಕಾಗಿ ಬಿಡಬಲ್ಲೆ ಎನ್ನುವವರು ನಮ್ಮಲ್ಲಿ ಬಹಳ ಮಂದಿ ಇದ್ದಾರೆ. ಅವರು ಈ ಎರಡು ಪ್ರಶ್ನೆಗಳನ್ನು ತಮ್ಮಷ್ಟಕ್ಕೆ ಕೇಳಿಕೊಳ್ಳಲಿ ಎಂದು ಬೇಡುತ್ತೇನೆ.

ರಕ್ತದ ವರದಿ ಆ ಹೊತ್ತಿಗೆ ಬಂದಿತ್ತು. ಯಕೃತ್ತಿನ ಸ್ಥಿತಿ ತೋರಿಸುವ ಕಿಣ್ವಗಳಾದ ಎಎಸ್‌ಟಿ 142, ಎಎಲ್‌ಟಿ 61, ಜಿಜಿಟಿ 380. ಕೆಂಪು ರಕ್ತಕಣಗಳ ಗಾತ್ರ 103ಕ್ಕೆ ಏರಿತ್ತು. ಎಎಸ್‌ಟಿಯು ಎಎಲ್‌ಟಿಯ ಎರಡು ಪಟ್ಟಿಗಿಂತ ಹೆಚ್ಚಿರುವುದು, ಜಿಜಿಟಿ ಮತ್ತು ಕಣಗಳ ಗಾತ್ರ ಒಟ್ಟಿಗೆ ಏರಿರುವುದು ಮದ್ಯದ ಕಡೆಗೆ ಬೆರಳು ತೋರಿಸುತ್ತದೆ. ಸ್ಕ್ಯಾನಿಂಗಿನಲ್ಲಿ ಯಕೃತ್ತಿನಲ್ಲಿ ಕೊಬ್ಬು ಕಂಡಿತು. ಆದರೆ ಸಕ್ಕರೆ ಕಾಯಿಲೆ, ಬೊಜ್ಜು ಇರುವವರ ಯಕೃತ್ತಿನಲ್ಲಿಯೂ ಕೊಬ್ಬು ಇರುತ್ತದೆ. ವರದಿಯೆಲ್ಲ ಸರಿಯಾಗಿದ್ದೂ ಅವಲಂಬನೆ ಇರುವವರಿದ್ದಾರೆ. ರಕ್ತಪರೀಕ್ಷೆ ದೇಹಕ್ಕಾದ ಪೆಟ್ಟನ್ನು ಅಳೆಯುತ್ತದೆ, ವ್ಯಸನವನ್ನಲ್ಲ ಎಂದರು. ನಾನು ಎರಡು ವರ್ಷ ಜೋಪಾನ ಮಾಡಿದ್ದ ವಿಮೆಯ ಕಾಗದಕ್ಕೆ ಅಲ್ಲಿಗೆ ಬೆಲೆ ಉಳಿಯಲಿಲ್ಲ.

ಬೇರೆ ಕಾರಣಗಳನ್ನು ತಳ್ಳಿಹಾಕುವ ಕೆಲಸವೂ ನಡೆದಿತ್ತು. ಥೈರಾಯ್ಡ್ ಪರೀಕ್ಷೆ ಮಾಡಿದರು. ಒಂದರ ಮುಂದೊಂದು ಹೆಜ್ಜೆಯಿಟ್ಟು ನೇರ ಗೆರೆಯಲ್ಲಿ ನಡೆಸಿದರು, ಕಣ್ಣಿನ ಚಲನೆ ನೋಡಿದರು, ಗಡಿಯಾರದ ಚಿತ್ರ ಬರೆಸಿದರು, ನೂರರಿಂದ ಏಳೇಳು ಕಳೆಯಿಸಿದರು. ಲೆಕ್ಕವೇ ಕಸುಬಾಗಿರುವ ನಾನು 86ರ ನಂತರ ತಡವರಿಸಿದ್ದು ಬಹಳ ನೋವು ಕೊಟ್ಟಿತು. ವಂಶದಲ್ಲಿ ಯಾರಿಗಾದರೂ ಕೈನಡುಕವಿತ್ತೇ ಎಂದೂ ಕೇಳಿದರು. ಮದ್ಯ ಕುಡಿದಾಗ ತಗ್ಗುವ, ವ್ಯಸನಕ್ಕೆ ಸಂಬಂಧಿಸದ ಇನ್ನೊಂದು ಬಗೆಯ ವಂಶಪಾರಂಪರ್ಯ ನಡುಕವೂ ಇದೆಯಂತೆ. ಮನಸ್ಸಿನ ಕುಗ್ಗು, ಬೇಸರ, ಬದುಕೇ ಬೇಡವೆನಿಸುವುದು ಇವುಗಳ ಬಗ್ಗೆ ವಿವರವಾಗಿ ಕೇಳಿದರೂ ಖಿನ್ನತೆಯೆಂದು ಆಗಲೇ ಬರೆಯಲಿಲ್ಲ. ಮದ್ಯವೇ ಅಂಥ ಕುಗ್ಗನ್ನು ತರಬಲ್ಲದು. ನಾಲ್ಕು ವಾರ ಕುಡಿಯದೆ ಇದ್ದ ಮೇಲೂ ಉಳಿದರೆ ಅದನ್ನು ಬೇರೆ ರೋಗವೆಂದು ನೋಡಬೇಕು ಎಂದರು.

ಒಂಬತ್ತನೆಯ ದಿನ ಬಿಡುಗಡೆಯಾಯಿತು. ಸಾರಾಂಶದ ಹಾಳೆಯಲ್ಲಿ 'ಆಲ್ಕೋಹಾಲ್ ಡಿಪೆಂಡೆನ್ಸ್ ಸಿಂಡ್ರೋಮ್' ಎಂದೂ, ಎಫ್ 10.2, ಎಫ್ 10.3 ಎಂಬ ಸಂಕೇತಗಳೂ ಇದ್ದವು. ಮೊದಲನೆಯದು ಅವಲಂಬನೆಗೆ, ಎರಡನೆಯದು ಬಿಟ್ಟಾಗಿನ ತೊಂದರೆಗೆ. ಈ ಹಾಳೆಯನ್ನು ತೋಟದ ಕಚೇರಿಗೆ ಕೊಡಬೇಕಾಗುತ್ತದೆಂಬ ಚಿಂತೆಯಲ್ಲಿ ನಾನು ಎರಡು ರಾತ್ರಿ ನಿದ್ದೆಗೆಟ್ಟಿದ್ದೆ. ಕೊಡಬೇಕಾಗಿಲ್ಲ. ರಜೆಗಾಗಿ ಒಳರೋಗಿಯಾಗಿ ಚಿಕಿತ್ಸೆ ಪಡೆದಿದ್ದಾರೆಂದು ಮಾತ್ರ ಹೇಳುವ ಪ್ರಮಾಣಪತ್ರವನ್ನು ಬೇರೆಯಾಗಿ ಕೊಟ್ಟರು. 2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯ್ದೆ ಮದ್ಯದ ದುರ್ಬಳಕೆಗೆ ಸಂಬಂಧಿಸಿದ ಮಾನಸಿಕ ಸ್ಥಿತಿಗಳನ್ನೂ ತನ್ನ ವ್ಯಾಪ್ತಿಗೆ ತಂದಿದೆ, ರೋಗಿಯ ಮಾಹಿತಿಯನ್ನು ಗುಟ್ಟಾಗಿಡಬೇಕೆಂದೂ ಹೇಳುತ್ತದೆ. ಹೀಗಾಗಿ ಧೈರ್ಯವಾಗಿ ಕೇಳಿ. ಖಾಸಗಿ ಆಸ್ಪತ್ರೆಗೆ ಹೋಗುವವರು ವಿಮೆಯ ಷರತ್ತುಗಳನ್ನು ದಾಖಲಾಗುವ ಮುನ್ನವೇ ಓದಬೇಕು, ಏಕೆಂದರೆ ಅನೇಕ ಪಾಲಿಸಿಗಳು ಕುಡಿತದ ಚಿಕಿತ್ಸೆಯನ್ನು ಹೊರಗಿಡುತ್ತವೆ. ನಮಗೆ ವಾರ್ಡು, ಔಷಧಕ್ಕೆ ಹಣ ಹತ್ತಲಿಲ್ಲ. ಹೊರಗೆ ಮಾಡಿಸಿದ ಒಂದು ಸ್ಕ್ಯಾನಿಂಗ್, ಎರಡು ಪರೀಕ್ಷೆ, ಜೊತೆಗಿದ್ದವರ ಊಟ, ಓಡಾಟ ಸೇರಿ ಸುಮಾರು 6,800 ರೂಪಾಯಿ ಆಯಿತು. ಹೆಂಡತಿ ಮನೆಗೂ ಆಸ್ಪತ್ರೆಗೂ ಓಡಾಡಿದ್ದು ಶಕ್ತಿ ಯೋಜನೆಯ ಉಚಿತ ಬಸ್ಸಿನಲ್ಲಿ. ನನ್ನ ಒಂಬತ್ತು ದಿನದ ಸಂಬಳಕ್ಕಿಂತ ಅವಳು ಚಾಪೆಯ ಮೇಲೆ ಕಳೆದ ಎಂಟು ರಾತ್ರಿಗಳು ನನಗೆ ದೊಡ್ಡ ಖರ್ಚಾಗಿ ಕಾಣುತ್ತವೆ.

ದೂರದ ಊರುಗಳವರಿಗೆ ಒಂದೆರಡು ಮಾತು. ರಾಜ್ಯದ ಮನೋಚೈತನ್ಯ ಕಾರ್ಯಕ್ರಮದಲ್ಲಿ ಮಂಗಳವಾರಗಳಂದು ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರು ಬರುವ ವ್ಯವಸ್ಥೆಯಿದೆ. ನಿಮ್ಮ ತಾಲ್ಲೂಕಿಗೆ ಯಾವ ಮಂಗಳವಾರ ಎಂದು ಮೊದಲೇ ವಿಚಾರಿಸಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲಿಯೇ ಮಾತನಾಡುತ್ತಾರೆ. ಕುಡಿಯುವವರಿಗೆ ತಿಳಿಯದಂತೆ ಊಟದಲ್ಲಿ ಬೆರೆಸಿ ಕುಡಿತ ಬಿಡಿಸುವ ಪುಡಿ ಎಂದು ಗೋಡೆಗಳ ಮೇಲೆ ಬರೆದಿರುವುದನ್ನು ನಂಬಬೇಡಿ. ಅಂಥದರಲ್ಲಿ ಮದ್ಯದೊಂದಿಗೆ ಸೇರಬಾರದ ಡೈಸಲ್ಫಿರಾಮ್ ಎಂಬ ಔಷಧ ಇದ್ದರೆ, ಅದು ತಿಳಿಯದೆ ಮದ್ಯ ಕುಡಿದವರಿಗೆ ರಕ್ತದೊತ್ತಡ ಕುಸಿದು ಜೀವಕ್ಕೇ ಅಪಾಯವಾಗಬಹುದು. ನನ್ನ ಅಕ್ಕ ಅದನ್ನು ತರಿಸುವ ಯೋಚನೆಯಲ್ಲಿದ್ದಳೆಂದು ನನಗೆ ಆಮೇಲೆ ತಿಳಿಯಿತು.

ನಾಲ್ಕು ವಾರಗಳ ನಂತರದ ಭೇಟಿ ಗಣೇಶನ ಹಬ್ಬ ಕಳೆದ ಮೇಲೆ ಬಿದ್ದಿತು. ನಾನು ಕೇಳಿಕೊಂಡು ಚೆಕ್‌ರೋಲಿನ ಎರಡು ಹಾಳೆಗಳ ನಕಲನ್ನು ಒಯ್ದಿದ್ದೆ: ಆಷಾಢದ್ದೊಂದು, ಕಳೆದ ವಾರದ್ದೊಂದು. ವೈದ್ಯರು ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ, ಕೈ ಚಾಚಿಸಿ, ನಡುಕ ಮದ್ಯದ್ದೇ ಆಗಿತ್ತು, ವಂಶದ್ದಲ್ಲ ಎಂದು ಕಡತದಲ್ಲಿ ಬರೆದರು. ಜಿಜಿಟಿ 140ಕ್ಕೆ ಇಳಿದಿತ್ತು. ನಿದ್ರೆ ಮರಳಿತ್ತು, ಮನಸ್ಸಿನ ಕುಗ್ಗು ಬಹುಮಟ್ಟಿಗೆ ಹೋಗಿತ್ತು. ಖಿನ್ನತೆಯ ಪ್ರಶ್ನೆಯನ್ನು ಅವರು ಅಲ್ಲಿಗೆ ಮುಚ್ಚಿದರು. ತುಡಿತ ಮಾತ್ರ ಸಂಜೆ ಆರರ ಸುಮಾರಿಗೆ ಬರುತ್ತದೆ ಎಂದೆ. ಬಂದದ್ದನ್ನು ಹೇಳಿದ್ದು ಒಳ್ಳೆಯದಾಯಿತು ಎಂದು ಅದನ್ನೂ ಬರೆದುಕೊಂಡರು. "ನನಗೀಗ ರೋಗವಿಲ್ಲ ಎಂದು ಬರೆಯುತ್ತೀರಾ?" ಎಂದು ಕೇಳಿದೆ. ತುಡಿತವೊಂದನ್ನು ಬಿಟ್ಟು ಉಳಿದ ಯಾವ ಲಕ್ಷಣವೂ ಇಲ್ಲದೆ ಮೂರು ತಿಂಗಳು ತುಂಬಿದರೆ 'ಆರಂಭಿಕ ಉಪಶಮನ' ಎಂದು, ಒಂದು ವರ್ಷ ತುಂಬಿದರೆ 'ಸ್ಥಿರ ಉಪಶಮನ' ಎಂದು ಬರೆಯಬಹುದು, ಈಗಲ್ಲ ಎಂದರು. ದೀಪಾವಳಿ ಕಳೆದು, ಅರೇಬಿಕಾ ಕೊಯ್ಲು ಶುರುವಾಗುವ ಮುಂಚಿನ ಒಂದು ಸೋಮವಾರಕ್ಕೆ ದಿನಾಂಕ ಕೊಟ್ಟಿದ್ದಾರೆ. ಆಧಾರ್, ಬಿಡುಗಡೆಯ ಹಾಳೆ, ಆ ವಾರದ ಚೆಕ್‌ರೋಲಿನ ನಕಲು, ಇಷ್ಟನ್ನು ಅದೇ ಪ್ಲಾಸ್ಟಿಕ್ ಕವರಿನಲ್ಲಿ ಹೆಂಡತಿ ಎತ್ತಿಟ್ಟಿದ್ದಾಳೆ.